ಪರೀಕ್ಷೆ ಹತ್ತಿರ ಬಂತು, ಮಗುವಿಗೆ ಫಿಟ್ಸ್ ಇದೆ: ಮನೆಯವರು ಏನು ಮಾಡಬೇಕು?

ಪರೀಕ್ಷೆ ಬಂತೆಂದರೆ ಮೊದಲು ಕತ್ತರಿ ಬೀಳುವುದು ನಿದ್ದೆಗೆ. ಬೇರೆ ಮಕ್ಕಳಾದರೆ ಮರುದಿನ ತೂಕಡಿಸುತ್ತಾರೆ, ಅಷ್ಟೇ. ಮೂರ್ಛೆ ರೋಗ ಇರುವ ಮಕ್ಕಳಿಗೆ ಹಾಗಲ್ಲ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ. ಓದಿನ ಗಡಿಬಿಡಿಯಲ್ಲಿ ಒಂದು ಹೊತ್ತಿನ ಮಾತ್ರೆಯೂ ತಪ್ಪಿದರೆ ಇನ್ನೂ ಕಷ್ಟ. ಅದಕ್ಕೇ ಟೈಮ್‌ಟೇಬಲ್ ಹಾಕುವಾಗ ಮೊದಲು ನಿದ್ದೆಯ ಹೊತ್ತು, ಮಾತ್ರೆಯ ಹೊತ್ತು ಬರೆಯಿರಿ. ಪಾಠಗಳು ಉಳಿದ ಜಾಗದಲ್ಲಿ ಬರಲಿ.

ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಾಣಿ

ಮಗಳನ್ನೋ ಮಗನನ್ನೋ ಜೊತೆಗೇ ಕರೆದುಕೊಂಡು ಹೋಗಿ, ಅವರೇ ಮಾತಾಡಲಿ. ಮಾತ್ರೆ ಮರೆತರೆ ಏನು ಮಾಡಬೇಕು? ಫಿಟ್ಸ್ ನಿಲ್ಲದಿದ್ದರೆ ಕೊಡುವ ತುರ್ತು ಔಷಧಿ, ಉದಾಹರಣೆಗೆ ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ, ಬೇಕೇ? ಇವನ್ನು ಕೇಳಿ ಬರೆದುಕೊಳ್ಳಿ.

ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂತ ಮಗು ಹೇಳಿದರೆ ಸೋಮಾರಿತನ ಅಂದುಕೊಳ್ಳಬೇಡಿ. ಫಿಟ್ಸ್‌ಗೆ ಕೊಡುವ ಟೋಪಿರಮೇಟ್ ಎಂಬ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಬೇಕಾದ ಪದ ಥಟ್ಟನೆ ನೆನಪಿಗೆ ಬರುವುದಿಲ್ಲ. ಇಂಥದ್ದೇ ಇನ್ನೊಂದು ಮಾತ್ರೆ ಲೆವೆಟಿರಾಸೆಟಮ್‌ನಿಂದ ಕೆಲವರಿಗೆ ಸಿಡುಕು ಜಾಸ್ತಿಯಾಗುತ್ತದೆ. ಇಂಥದ್ದೇನಾದರೂ ಕಂಡರೆ ಡಾಕ್ಟರಿಗೆ ಹೇಳಿ. ನೀವೇ ಮಾತ್ರೆ ಕಡಿಮೆ ಮಾಡಬೇಡಿ, ನಿಲ್ಲಿಸಲೂಬೇಡಿ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗುವಂಥ ಫಿಟ್ಸ್ ಬರಬಹುದು.

ರಾತ್ರಿ ಓದಿಗೆ ಮಿತಿ ಹಾಕಿ

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಗಿನ ಜಾವ ಎಬ್ಬಿಸಿ ಓದಿಸುವುದು ಒಳ್ಳೆಯದು ಅಂತ ಹಲವರು ನಂಬುತ್ತಾರೆ. ತಡವಾಗಿ ಮಲಗಿದ ಮಗುವನ್ನು ಹಾಗೆ ಎಬ್ಬಿಸಬೇಡಿ. ಹದಿಹರೆಯದಲ್ಲೇ ಶುರುವಾಗುವ ಒಂದು ಬಗೆಯ ಮೂರ್ಛೆ ರೋಗವಿದೆ. ಅದರಲ್ಲಿ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಜಗ್ಗಿದಂತಾಗಿ ಹಿಡಿದ ಲೋಟವೋ ಬ್ರಷ್ಷೋ ಹಾರಿ ಬೀಳುತ್ತದೆ. ಮಗುವಿಗೆ ಎಚ್ಚರ ಇದ್ದೇ ಇರುತ್ತದೆ. ಮನೆಯವರು ಅಜಾಗರೂಕತೆ ಅಂತ ಬೈಯುತ್ತಾರೆ. ನಿದ್ದೆಗೆಟ್ಟ ಮರುದಿನ ಇದು ಜಾಸ್ತಿ, ಮುಂದೆ ದೊಡ್ಡ ಫಿಟ್ಸ್‌ಗೂ ತಿರುಗಬಹುದು. ಹೀಗೆ ಕಂಡರೆ ಆ ದಿನ ಓದು ಬಿಡಿಸಿ ಮಲಗಿಸಿ, ಡಾಕ್ಟರಿಗೆ ತಿಳಿಸಿ.

ಮೊಬೈಲ್, ಕಂಪ್ಯೂಟರ್ ಬಗ್ಗೆ ಭಯ ಬೇಡ. ಮಿನುಗುವ ಬೆಳಕಿಗೆ ಫಿಟ್ಸ್ ಬರುವುದು ಈ ರೋಗ ಇರುವ ನೂರರಲ್ಲಿ ಸುಮಾರು ಮೂವರಿಗೆ ಮಾತ್ರ. ಆದರೆ ಅದೇ ಮೊಬೈಲ್ ನಿದ್ದೆ ಕದಿಯುತ್ತದೆ ಅಲ್ವಾ, ರಾತ್ರಿ ಹೊತ್ತು ದೂರ ಇಡಲಿ.

ಶಾಲೆಗೆ ಬರೆದು ಕೊಡಿ

ಯಾರಿಗೆ ಎಷ್ಟು ಹೇಳಬೇಕು ಅಂತ ಮೊದಲು ಮಗುವನ್ನೇ ಕೇಳಿ. ಈ ವಯಸ್ಸಿನಲ್ಲಿ ಫಿಟ್ಸ್‌ಗಿಂತ ಗೆಳೆಯರ ಮುಂದೆ ಆಗುವ ಮುಜುಗರವೇ ದೊಡ್ಡದು. ಆಮೇಲೆ ಡಾಕ್ಟರ ಪತ್ರ ಇಟ್ಟು ಹೆಚ್ಚುವರಿ ಸಮಯ, ನಡುವೆ ವಿಶ್ರಾಂತಿ, ಬೇರೆ ಕೊಠಡಿ, ಇವುಗಳಲ್ಲಿ ಬೇಕಾದ್ದನ್ನು ಕೇಳಿ. ಒಪ್ಪಿಗೆ ಸಿಗಲು ವಾರಗಳೇ ಹಿಡಿಯಬಹುದು, ಕೊನೆ ಗಳಿಗೆಗೆ ಬಿಡಬೇಡಿ. ಫಿಟ್ಸ್ ಬಂದು ಪರೀಕ್ಷೆ ತಪ್ಪಿದರೆ ನಿಯಮ ಏನು ಅನ್ನುವುದನ್ನೂ ಆಗಲೇ ತಿಳಿದುಕೊಳ್ಳಿ.

ಎಲ್ಲ ಫಿಟ್ಸ್‌ನಲ್ಲೂ ಬಿದ್ದು ಒದ್ದಾಡುವುದಿಲ್ಲ. ಕೆಲವು ಮಕ್ಕಳು ಐದಾರು ಸೆಕೆಂಡು ಸುಮ್ನೆ ಕಣ್ಣು ನೆಟ್ಟು ಕೂತುಬಿಡುತ್ತಾರೆ. ರೆಪ್ಪೆ ಪಟಪಟ ಬಡಿಯಬಹುದು. ಮರುಕ್ಷಣ ಬರೆಯಲು ಶುರು. ತಮಗೇನಾಯಿತು ಅಂತ ಅವರಿಗೇ ಗೊತ್ತಿರುವುದಿಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಒಂದು ವಾಕ್ಯ ಅರ್ಧಕ್ಕೇ ನಿಂತಿರುತ್ತದೆ. ಕೊಠಡಿಯ ಮೇಲ್ವಿಚಾರಕರಿಗೆ ಇದು ಹಗಲುಗನಸು, ಇಲ್ಲವೇ ಪಕ್ಕದವರದ್ದು ನೋಡಿ ಬರೆಯುವ ಹುನ್ನಾರ ಅನ್ನಿಸಬಹುದು. ನಿಮ್ಮ ಮಗುವಿನ ಫಿಟ್ಸ್ ನೋಡಲು ಹೇಗಿರುತ್ತದೆ ಅಂತ ನಾಲ್ಕು ಸಾಲು ಬರೆದು ಅವರ ಕೈಗೇ ತಲುಪಿಸಿ.

ಮೈ ಸೆಟೆದು ಜಗ್ಗುವ ಫಿಟ್ಸ್ ಬಂದರೆ ಮಾಡಬೇಕಾದ್ದೂ ಅದೇ ಹಾಳೆಯಲ್ಲಿರಲಿ. ಗಡಿಯಾರ ನೋಡಿ. ಬೆಂಚು, ಕುರ್ಚಿ ದೂರ ಸರಿಸಿ, ತಲೆಯಡಿ ಮೆತ್ತಗಿನದ್ದೇನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನನ್ನೂ ತುರುಕಬೇಡಿ, ನೀರೂ ಬೇಡ. ಜಗ್ಗುವುದು ನಿಂತ ಕೂಡಲೇ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ, ಉಸಿರಾಟಕ್ಕೆ ತೊಂದರೆಯಾದರೆ ಆಂಬುಲೆನ್ಸ್ ಕರೆಯಿರಿ.

ಪರೀಕ್ಷೆಯ ದಿನ

ಹೊರಡುವ ಮೊದಲು ಮಾತ್ರೆ ಆಗಿದೆಯಾ ನೋಡಿ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ.

ಪರೀಕ್ಷೆ ನಡುವೆ ಫಿಟ್ಸ್ ಬಂದುಹೋದರೆ ಮಗು ಎದ್ದು ಕೂತ ಮಾತ್ರಕ್ಕೆ ಮತ್ತೆ ಪೆನ್ನು ಕೊಡಬಾರದು. ಗೊಂದಲ, ತಲೆನೋವು, ಸುಸ್ತು ಕೆಲವೊಮ್ಮೆ ಗಂಟೆಗಟ್ಟಲೆ ಇರುತ್ತದೆ. ಮನೆಗೆ ಕರೆತಂದು ಮಲಗಿಸಿ, ಎಷ್ಟು ಅಂಕದ ಪ್ರಶ್ನೆ ಬಿಟ್ಟುಹೋಯಿತು ಅಂತ ಕೇಳಬೇಡಿ. ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ ಆಗಿತ್ತು, ಮಾತ್ರೆ ತಪ್ಪಿತ್ತಾ ಅನ್ನುವುದನ್ನು ಬರೆದಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಪರೀಕ್ಷೆಗೆ ಕಳಿಸಬಹುದಾ ಅಂತ ಅವರನ್ನೇ ಕೇಳಿ.