ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ದುಡ್ಡು ಕಟ್ಟುವ ಮುಂಚೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ನಾನು ವಿಆರ್‌ಡಬ್ಲ್ಯೂ, ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ನಡೆಯಲಾರದ, ಮಾತು ಬಾರದ ಮಕ್ಕಳ ತಾಯಂದಿರು ಮೊಬೈಲ್‌ನಲ್ಲಿ ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್ನಿನ ವಿಡಿಯೊ ತೋರಿಸಿ, "ಅಕ್ಕಾ, ಈ ಇಂಜೆಕ್ಷನ್ ಮಾಡಿಸೋಣೇನು?" ಅಂತ ಕೇಳ್ತಾರೆ. ನೆಲ್ಲು ಮಾರಿದ ದುಡ್ಡು, ಒತ್ತಿ ಇಟ್ಟ ಬಂಗಾರ ಅದಕ್ಕೆ ಹೋಗುವ ಮುಂಚೆ ಡಾಕ್ಟರಿಗೆ ಹೀಗೆ ಕೇಳಿ: ಇದು ಚಿಕಿತ್ಸೆಯೋ, ಸಂಶೋಧನೆಯೋ?

ಚಿಕಿತ್ಸೆ ಅಂದರೆ ಯಾವ ಕಾಯಿಲೆಗೆ ಅಂತ ನೋಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಒಪ್ಪಿರುವುದು ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್‌ನಂಥ ಕಾಯಿಲೆಗಳಿಗೆ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕಸಿಯನ್ನು ಮಾತ್ರ. ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸೆರೆಬ್ರಲ್ ಪಾಲ್ಸಿ, ಮಾತು, ಒಡನಾಟ ಕಷ್ಟವಾಗುವ ಆಟಿಸಂ ಇದರಲ್ಲಿಲ್ಲ.

ಸಂಶೋಧನೆ ಅಂದರೆ ಸಿಟಿಆರ್‌ಐ (ದೇಶದಲ್ಲಿ ನಡೆಯುವ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಅದನ್ನು ಹಾಕಿ, ಕಾಯಿಲೆ, ಆಸ್ಪತ್ರೆ, ಮಕ್ಕಳ ವಯಸ್ಸು ಹೊಂದುತ್ತವಾ ನೋಡಿ. ನೋಂದಣಿ ಆಗಿದೆ ಅಂದಮಾತ್ರಕ್ಕೆ ಗುಣವಾಗುತ್ತದೆ ಅಂತಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ, ಮನೆಗೆ ತಂದು ಓದಿ. ಪ್ರಯೋಗಕ್ಕೆ ಸೇರಿದವರಿಂದ ಇಂಜೆಕ್ಷನ್ನಿನ ದುಡ್ಡು ತಗೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಪ್ರಯೋಗದಿಂದ ಮಗುವಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಹೇಳುತ್ತವೆ.

"ನಿಮ್ಮ ಮಗುವಿನದೇ ಜೀವಕೋಶ, ಯಾರ ಪರ್ಮಿಷನ್ನೂ ಬೇಡ" ಅಂತ ಕೆಲವರು ಹೇಳ್ತಾರೆ. ಈ ಮಾತು ಬರುವುದು ಅದೇ ನಿಯಮಗಳಿಂದ. ಹೊರಗೆ ತೆಗೆದು ಗಣನೀಯವಾಗಿ ಸಂಸ್ಕರಿಸಿದ ಜೀವಕೋಶವನ್ನಷ್ಟೇ ಅವು ಸ್ಟೆಮ್ ಸೆಲ್ ಔಷಧ ಅನ್ನುತ್ತವೆ. ಬರೀ ತೊಳೆದು, ಬೇರ್ಪಡಿಸಿ ವಾಪಸ್ ಕೊಟ್ಟರೆ ಅದರೊಳಗೆ ಬರುವುದಿಲ್ಲ. ಐಸಿಎಂಆರ್ ಮಾರ್ಗಸೂಚಿ ಅದನ್ನೂ ಹಿಡಿಯುತ್ತದೆ, ಪ್ರಯೋಗದ ಹೊರಗೆ ಕೊಡುವುದು ತಪ್ಪು ಅನ್ನುತ್ತದೆ. ಆದರೆ ಮಾರ್ಗಸೂಚಿಗೆ ಶಾಸನದಷ್ಟು ಬಲವಿಲ್ಲ. ಈ ಸಂದಿಯನ್ನು ಸರ್ಕಾರ ಮುಚ್ಚಬೇಕು. "ಬೇರೆ ಔಷಧಿಯೇ ಇಲ್ಲದಾಗ ನಮ್ಮನ್ನು ಯಾಕೆ ತಡೀತೀರಿ?" ಅನ್ನುವ ತಾಯಂದಿರ ಸಂಕಟ ನನಗೆ ಗೊತ್ತು. ಪ್ರಯತ್ನಪಡುವ ಹಕ್ಕು ಅವರಿಗಿರಲಿ. ಸಾಬೀತಾಗದ್ದನ್ನು ಮಾರುವ ಹಕ್ಕು ಯಾರಿಗೂ ಬೇಡ.

ಈಗಾಗಲೇ ದುಡ್ಡು ಕಟ್ಟಿದ್ದರೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಕರ್ನಾಟಕದ ಡಾಕ್ಟರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ, ಹೊರಗಿನವರಾದರೆ ಆ ರಾಜ್ಯದ ಪರಿಷತ್ತಿಗೆ ದೂರು ಬರೆಯಿರಿ.

ಫಿಸಿಯೊಥೆರಪಿ ಮಾತ್ರ ನಿಲ್ಲಿಸಬೇಡಿ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರಿದೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಹಿಡಿದು ನಿಮ್ಮೂರ ವಿಆರ್‌ಡಬ್ಲ್ಯೂ ಹತ್ತಿರ ಹೋಗಿ, ಅರ್ಜಿ ಹಾಕಿಸಿ.