ತೂಕ ಇಳಿಸುವ ಚುಚ್ಚುಮದ್ದು: ಹೊಟ್ಟೆ ತೊಳಸದಂತೆ ಉಣ್ಣುವ ಕ್ರಮ

ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ನಂತಹ ವಾರಕ್ಕೊಮ್ಮೆ ತೆಗೆದುಕೊಳ್ಳುವ ಚುಚ್ಚುಮದ್ದುಗಳು ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುವುದರಿಂದ, ಹಾಸನದ ನಮ್ಮ ಮನೆಗಳ ರೂಢಿಯಂತೆ ದೊಡ್ಡ ಮುದ್ದೆಯನ್ನು ಒಂದೇ ಸಲಕ್ಕೆ ಉಂಡರೆ ಹೊಟ್ಟೆ ತೊಳಸುವುದು ಸಹಜ. ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿ, ಬಸ್ಸಾರಿನ ಹುರುಳಿಕಾಳನ್ನೂ ಸೊಪ್ಪಿನ ಪಲ್ಯವನ್ನೂ ಮೊದಲು ತಿಂದು, ಹೊಟ್ಟೆ ತುಂಬಿತೆನ್ನಿಸಿದ ಕೂಡಲೇ ಕೈ ತೊಳೆಯಿರಿ. ಬಡಿಸುವ ಅಮ್ಮನಿಗೆ ಇದನ್ನು ಮೊದಲೇ ತಿಳಿಸಿಡುವುದು ಒಳ್ಳೆಯದು. ಸ್ನಾಯು ಕರಗದಿರಲು ಕಾಳು, ಮೊಟ್ಟೆ, ಮೊಸರು ಬೇಕೇ ಬೇಕು. ಮದ್ದಿನ ಪ್ರಮಾಣ ಹೆಚ್ಚಿಸಿದ ವಾರಗಳಲ್ಲಿ ಕರಿದ ತಿಂಡಿ, ಎಣ್ಣೆ ತೇಲುವ ಬಾಡೂಟ ಬೇಡ. ನೀರುಮಜ್ಜಿಗೆಯನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿದರೆ ಮಲಬದ್ಧತೆಯೂ ತಗ್ಗುತ್ತದೆ. ವಾಂತಿ ನಿಲ್ಲದಿದ್ದರೆ, ಅಥವಾ ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು.