ಎತ್ತಿಡದೆ ಎದ್ದು ಹೋಗುವಂಥ ಒಂದು ಮೂಲೆ

ಬರೆಯುವುದಕ್ಕೋ ಚಿತ್ರ ಬಿಡಿಸುವುದಕ್ಕೋ ನಮ್ಮದೇ ಒಂದು ಜಾಗ ಬೇಕು ಅಂದ ಕೂಡಲೇ ಕಣ್ಣ ಮುಂದೆ ಬರುವುದು ದೊಡ್ಡ ಕಿಟಕಿ, ಮರದ ಮೇಜು, ಬಾಗಿಲು ಹಾಕಿಕೊಂಡು ಕೂರುವ ಕೋಣೆ. ಸಿಕ್ಕರೆ ಒಳ್ಳೆಯದೇ. ಅದಕ್ಕೇ ಕಾಯುತ್ತಾ ನಾನು ವರ್ಷಗಟ್ಟಲೆ ಕುಂಚ ಮುಟ್ಟಲಿಲ್ಲ. ಕೋಣೆ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಅರ್ಧ ಮುಗಿದ ಕೆಲಸ ಹಾಗೇ ಬಿದ್ದಿರಲು ಒಂದು ಕಡೆ ಬೇಕೇ ಬೇಕು ಅನ್ನುವುದು ತುಂಬಾ ತಡವಾಗಿ ತಿಳಿಯಿತು.

ಊಟದ ಮೇಜಿನ ಮೇಲೆ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಹರಡಿಕೊಳ್ಳಲು ಹದಿನೈದು ನಿಮಿಷ, ಎತ್ತಿಡಲು ಹದಿನೈದು ನಿಮಿಷ. ಕೈಯಲ್ಲಿ ಇರುವುದೇ ಮುಕ್ಕಾಲು ಗಂಟೆ ಆದರೆ ಯಾರು ಶುರು ಮಾಡುತ್ತಾರೆ, ಹೇಳಿ?

ಖಾಯಂ ಮೂಲೆ ಸಿಗದಿದ್ದರೆ ಮೇಜಿನ ಬದಲು ಒಂದು ಹಲಗೆ ಇಟ್ಟುಕೊಳ್ಳಿ. ನನ್ನದು ಸುಮಾರು ಎರಡು ಅಡಿ ಉದ್ದದ ಪ್ಲೈವುಡ್. ಅದರ ಮೇಲೆ ಕಾಗದ, ಬಣ್ಣದ ತಟ್ಟೆ, ಒರೆಸುವ ಬಟ್ಟೆ, ಎಲ್ಲವೂ ಎಲ್ಲಿದ್ದವೋ ಅಲ್ಲೇ ಇರುತ್ತವೆ. ಮುಗಿದಾಗ ಕುಂಚ ತೊಳೆದು ಹಲಗೆಯನ್ನು ಮಂಚದ ಕೆಳಗೆ ತಳ್ಳುತ್ತೇನೆ. ಮರುದಿನ ಎಳೆದರೆ ನಿನ್ನೆಯ ಮರ, ಅದರ ಪಕ್ಕ ತಟ್ಟೆಯಲ್ಲಿ ಒಣಗಿದ ಹಸಿರು, ಒಂದು ಹನಿ ನೀರು ಹಾಕಿದರೆ ಮತ್ತೆ ಬಣ್ಣ. ಜಲವರ್ಣದ ಈ ಗುಣಕ್ಕೆ ನಾನು ಋಣಿ. ಬರೆಯುವವರು, ಹೊಲಿಯುವವರು ಕೂಡ ಒಂದೇ ಸಲಕ್ಕೆ ಎತ್ತಬಹುದಾದ ಟ್ರೇ ಇಟ್ಟುಕೊಳ್ಳಬಹುದು.

ಇನ್ನು ಮೂಲೆ ಹುಡುಕುವ ವಿಷಯ. ಖಾಲಿ ಜಾಗ ಕಂಡ ಕಡೆ ಮೇಜು ಹಾಕಬೇಡಿ. ಮೊದಲು ಬರೀ ಒಂದು ಕುರ್ಚಿ ತೆಗೆದುಕೊಂಡು ಹೋಗಿ, ನೀವು ನಿಜವಾಗಿ ಕೆಲಸ ಮಾಡುವ ಹೊತ್ತಿನಲ್ಲೇ, ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಬೆಳಿಗ್ಗೆ ಶಾಂತವಾಗಿದ್ದ ಮೂಲೆಯಲ್ಲಿ ಸಂಜೆ ಟಿವಿ ಸದ್ದು ಇರಬಹುದು. ಬೆನ್ನ ಹಿಂದೆ ಜನ ಓಡಾಡುವ ಜಾಗವಾದರೆ ಬಿಟ್ಟುಬಿಡಿ, ಯಾರೋ ಇಣುಕುತ್ತಿದ್ದಾರೆ ಅನಿಸಿದರೆ ಒಂದು ಸಾಲೂ ಏಳುವುದಿಲ್ಲ. ಮೆಟ್ಟಿಲ ಕೆಳಗಿನ ಜಾಗ, ಬಟ್ಟೆಯ ಬೀರುವಿನ ಪಕ್ಕ, ಬಾಲ್ಕನಿಯ ಒಂದು ತುದಿ, ಎಲ್ಲವನ್ನೂ ಪರೀಕ್ಷಿಸಿ. ಚಿತ್ರಕಾರ ಕ್ಲೋಡ್ ಮೊನೆ 1870ರ ದಶಕದಲ್ಲಿ ಒಂದು ದೋಣಿಯನ್ನೇ ಸ್ಟುಡಿಯೊ ಮಾಡಿಕೊಂಡು ನದಿಯ ಮೇಲೆ ಚಿತ್ರ ಬರೆಯುತ್ತಿದ್ದರು. ನಮಗೆ ಬಾಲ್ಕನಿ ಸಾಕು, ಅಲ್ವಾ?

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಇಲ್ಲೇ ಎಡವಿದ್ದು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಲಿ, ಎಡಗೈಯವರಿಗೆ ಬಲದಿಂದ. ಇಲ್ಲದಿದ್ದರೆ ಕೈಯ ನೆರಳು ಗೆರೆಯ ಮೇಲೆಯೇ ಬೀಳುತ್ತದೆ. ಕಂಪ್ಯೂಟರ್ ಇದ್ದರೆ ಕಿಟಕಿ ಪಕ್ಕದಲ್ಲಿರಬೇಕು. ಹಿಂದೆ ಇದ್ದರೆ ಪರದೆಯಲ್ಲಿ ಹೊಳಪು, ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಚಿತ್ರಕಾರರು ಉತ್ತರದ ಕಿಟಕಿ ಹುಡುಕುವುದಕ್ಕೆ ಕಾರಣ ಇದೆ: ಉತ್ತರಾರ್ಧ ಗೋಳದ ಹೆಚ್ಚಿನ ಕಡೆ ಆ ದಿಕ್ಕಿನಿಂದ ನೇರ ಬಿಸಿಲು ಅಷ್ಟಾಗಿ ಬರುವುದಿಲ್ಲ, ಹಾಗಾಗಿ ನೆರಳು ಗಂಟೆಗಂಟೆಗೂ ಜಾಗ ಬದಲಿಸುವುದಿಲ್ಲ. ಭೂಮಧ್ಯರೇಖೆಯ ಆಚೆ ಇರುವವರಿಗೆ ಇದು ತಿರುಗುಮುರುಗು, ದಕ್ಷಿಣದ ಕಿಟಕಿ.

ರಾತ್ರಿ ಕೆಲಸ ಮಾಡುವುದಾದರೆ ಬಲ್ಬಿನ ಡಬ್ಬಿ ಓದಿ. ಬೆಳಕು ಹಳದಿಯೋ ಬಿಳಿಯೋ ಅಂತ ಹೇಳುವ ಅಳತೆ ಕೆಲ್ವಿನ್, ಹಳದಿ ಬಲ್ಬು ಸುಮಾರು 2700 ಕೆಲ್ವಿನ್ ಇರುತ್ತದೆ. ಅದರ ಕೆಳಗೆ ನೀಲಿ ಮಂಕಾಗಿ ಕಾಣುತ್ತದೆ, ತಿಳಿ ಹಳದಿಗೂ ಬಿಳಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದು ರಾತ್ರಿ ಆಕಾಶ ಸಪ್ಪೆಯಾಯಿತು ಅಂತ ಇನ್ನಷ್ಟು ನೀಲಿ, ಮತ್ತಷ್ಟು ನೀಲಿ ಅಂತ ಬಳಿದೆ. ಬೆಳಿಗ್ಗೆ ನೋಡಿದರೆ ಶಾಯಿ ಬಾಟಲಿ ಚೆಲ್ಲಿದ ಹಾಗಿತ್ತು. ಬಣ್ಣದ ಕೆಲಸಕ್ಕೆ 4000ದಿಂದ 5000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, 100ಕ್ಕೆ) 90ಕ್ಕಿಂತ ಮೇಲೆ ಇರುವ ಎಲ್‌ಇಡಿ ಹಾಕಿಕೊಳ್ಳಿ. ಬರೆಯುವವರಿಗೆ ಇದರ ತಲೆಬಿಸಿ ಬೇಡ.

ಮೇಜಿನ ಎತ್ತರಕ್ಕೆ ಅಳತೆ ನಿಮ್ಮ ಮೊಣಕೈಯೇ. ಭುಜ ಇಳಿಬಿಟ್ಟು ಕೂತಾಗ ಮೊಣಕೈ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಮೇಜಿಗೆ ತಾಗಬೇಕು. ಸಾಮಾನ್ಯ ಮೇಜುಗಳು 72ರಿಂದ 75 ಸೆಂಟಿಮೀಟರ್ ಎತ್ತರ, ಗಿಡ್ಡ ಇರುವವರಿಗೆ ಅದು ಜಾಸ್ತಿಯೇ. ಮೇಜಿನ ಕಾಲು ಕತ್ತರಿಸಲು ಹೋಗಬೇಡಿ. ಕುರ್ಚಿಯ ಮೇಲೊಂದು ದಿಂಬು, ಪಾದದ ಕೆಳಗೊಂದು ಡಬ್ಬ ಇಟ್ಟರೆ ಆಯಿತು. ಚಿತ್ರ ಬಿಡಿಸುವವರು ಹಲಗೆಯ ಆಚೆ ತುದಿಗೆ ಎರಡು ದಪ್ಪ ಪುಸ್ತಕ ಕೊಡಿ. ಕಾಗದ ಚಪ್ಪಟೆಯಾಗಿದ್ದರೆ ದೂರದ ಭಾಗ ಕುಗ್ಗಿ ಕಾಣುತ್ತದೆ, ಮುಖ ಬರೆದರೆ ಹಣೆ ಉದ್ದವಾಗಿಬಿಡುತ್ತದೆ.

ಸದ್ದು ತಡೆಯಲು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ದಂಡ. ಹೊರಗಿನ ಸದ್ದು ಹೆಚ್ಚಾಗಿ ಸಂದಿಗಳಿಂದಲೇ ಬರುತ್ತದೆ, ಬಾಗಿಲ ಕೆಳಗೆ ಬಟ್ಟೆ ಸುತ್ತಿ ಒತ್ತಿ ನೋಡಿ. ಧ್ವನಿ ರೆಕಾರ್ಡ್ ಮಾಡುವವರ ಕಷ್ಟ ಬೇರೆ, ಅವರನ್ನು ಕಾಡುವುದು ಕೋಣೆಯೊಳಗಿನ ಪ್ರತಿಧ್ವನಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಮಾತಾಡಿದರೆ ಎಷ್ಟೋ ಕಡಿಮೆಯಾಗುತ್ತದೆ. ಟರ್ಪೆಂಟೈನ್, ಸ್ಪ್ರೇ ಪೇಂಟ್ ಬಳಸುವವರು ಮಾತ್ರ ಮಲಗುವ ಕೋಣೆ ಬಿಡಿ. ಗಾಳಿ ಆಡಲೇಬೇಕು.

ಮನೆಯವರ ಜೊತೆ ಜಗಳ ಬೇಡ. ‘ಈ ದೀಪ ಹತ್ತಿದ್ದರೆ ಕರೆಯಬೇಡಿ’ ಅಂತ ಒಂದೇ ಗುರುತು ಇಟ್ಟುಕೊಳ್ಳಿ. ಕೆಲಸ ಮುಗಿದ ತಕ್ಷಣ ನೀವೂ ದೀಪ ಆರಿಸಬೇಕು, ಸುಮ್ನೆ ಮೊಬೈಲ್ ನೋಡುತ್ತಾ ಹತ್ತಿಸಿಟ್ಟರೆ ಎರಡೇ ದಿನಕ್ಕೆ ಬೆಲೆ ಹೋಗುತ್ತದೆ. ನನ್ನದು ಹಾಗೇ ಹೋಗಿತ್ತು.

ಮೊದಲ ತಿಂಗಳು ಏನೂ ಕೊಳ್ಳಬೇಡಿ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು, ಕೆಲಸದ ನಡುವೆ ಏನು ತರಲು ಎದ್ದಿರಿ ಅಂತ ಪ್ರತಿ ಸಲ ಬರೆಯಿರಿ. ಕೈಗೆಟಕುವ ಜಾಗ ಆ ಸಾಮಾನುಗಳಿಗೆ ಮಾತ್ರ, ಉಳಿದದ್ದು ಕಪಾಟಿಗೆ. ನಾನು ಮೂರು ಡ್ರಾಯರಿನ ಗಾಡಿ ಕೊಳ್ಳಬೇಕು ಅಂತಿದ್ದೆ. ಚೀಟಿಯಲ್ಲಿ ಇದ್ದದ್ದು ರಬ್ಬರ್, ರಬ್ಬರ್, ನೀರು, ರಬ್ಬರ್. ಈಗ ಅದನ್ನು ಒಂದು ದಾರ ಕಟ್ಟಿ ಹಲಗೆಗೇ ನೇತುಹಾಕಿದ್ದೇನೆ.